ತಂತಿಯ ಮೇಲಿನ ಕಂಬಳಿ

ಫೋನು ಗಂಟೆ ಬಾರಿಸಿದರೆ ಈಗಲೂ ನನ್ನ ಎದೆ ಧಸಕ್ಕೆನ್ನುತ್ತದೆ. ಈಗ ಎಲ್ಲರ ಕಿಸೆಯಲ್ಲೂ ಒಂದೊಂದು ಫೋನಿದೆ. ಅದು ಹಾಡುತ್ತದೆ, ನಡುಗುತ್ತದೆ, ಕಿಟಕಿ ತೆರೆದರೆ ಕಾಣುವ ಮಳೆಯ ಸುದ್ದಿಯನ್ನೂ ನಮಗೇನೂ ಗೊತ್ತಿಲ್ಲವೆಂಬಂತೆ ತಿಳಿಸುತ್ತದೆ. ಮಾಡಿದವರ ಹೊಟ್ಟೆ ತಣ್ಣಗಿರಲಿ. ಆದರೆ ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಟೆಲಿಫೋನ್ ಮೆಕ್ಯಾನಿಕ್ ಆಗಿ ಕೆಲಸಕ್ಕೆ ಸೇರಿದಾಗ ನಮ್ಮ ಸೀಮೆಯಲ್ಲಿ ಫೋನಿಗೆ ಇದ್ದದ್ದು ಎರಡೇ ಕೆಲಸ. ಒಂದು, ಪೇಟೆಯ ದರ ಕೇಳುವುದು. ಇನ್ನೊಂದು, ಸತ್ತವರ ಹೆಸರು ಹೇಳುವುದು.

ಇಳಕಲ್ಲಿನ ಒಬ್ಬ ಸೀರೆ ವ್ಯಾಪಾರಿಯ ಮನೆ ನೆನಪಾಗುತ್ತದೆ. ಪಡಸಾಲೆಯಲ್ಲಿ ಫೋನು, ಒಳಗೆ ಮಗ್ಗ. ರಿಪೇರಿ ಮುಗಿಸಿ, ಸರಿಯಾಯಿತೋ ಇಲ್ಲವೋ ಎಂದು ಒಮ್ಮೆ ಗಂಟೆ ಬಾರಿಸಿ ನೋಡಿದೆ. ಒಳಗೆ ಮಗ್ಗದ ಸಪ್ಪಳ ನಿಂತಿತು. ಆ ಮನೆಯ ಮುದುಕಿ ಹೊರಗೆ ಬಂದು ಬಾಗಿಲ ಚೌಕಟ್ಟು ಗಟ್ಟಿಯಾಗಿ ಹಿಡಿದುಕೊಂಡಳು.

“ಯಾರು ಹೋದ್ರು, ಹೇಳಿಬಿಡಪಾ.”

“ಯಾರೂ ಹೋಗಿಲ್ಲಬೇ. ನಾ ಸುಮ್ನ ಬಾರಿಸಿ ನೋಡಿದ್ನಿ.”

“ಸುಮ್ನ ಬಾರಸ್ತಾರೇನೋ ಇದನ್ನ? ನಿನ್ನ ಕೈ ಸೇದಿಹೋಗ್ಲಿ!” ಎಂದು ಬೈದು, ಆಮೇಲೆ ಪಾಪ, ಚಹಾ ಕೊಟ್ಟಳು.

ಬೈಸಿಕೊಳ್ಳುವುದೂ ಚಹಾ ಕುಡಿಯುವುದೂ ನನ್ನ ನೌಕರಿಯ ಭಾಗವೇ ಆಗಿತ್ತು. ಬಾಗಲಕೋಟೆಯಲ್ಲಿ ಮನೆ, ಬಾದಾಮಿ, ಹುನಗುಂದ, ಇಳಕಲ್ ತಿರುಗಾಟ. ಬಸ್ಸಿನ ಮೇಲೆ ನನ್ನ ಸೈಕಲ್ಲು, ಬಸ್ಸಿನೊಳಗೆ ನಾನು, ತೊಡೆಯ ಮೇಲೆ ತೊಗಲಿನ ಚೀಲ. ಚೀಲ ನೋಡಿ ನನ್ನನ್ನು ಡಾಕ್ಟರನೆಂದು ತಿಳಿದು ನಾಲಿಗೆ ಚಾಚಿದವರೂ ಉಂಟು. ಅದರೊಳಗೆ ಇದ್ದದ್ದು ಹಿಡಿಕೆ ತಿರುಗಿಸುವ ಟೆಸ್ಟ್ ಫೋನು, ಇಕ್ಕಳ, ಒಂದಿಷ್ಟು ತಂತಿ, ಜತೆಗೆ ನನ್ನ ಸ್ವಂತದ ಟ್ರಾನ್ಸಿಸ್ಟರ್. ಆ ಟೆಸ್ಟ್ ಫೋನಿನ ಮೇಲೆ ನನಗೆ ವಿಪರೀತ ಪ್ರೀತಿ. ಕಂಬ ಹತ್ತಿ ಅದರ ಎರಡು ಕ್ಲಿಪ್ಪುಗಳನ್ನು ಎರಡು ತಂತಿಗೆ ಸಿಕ್ಕಿಸಿ ಹಿಡಿಕೆ ತಿರುಗಿಸಿದರೆ ಕೈಗೇ ತಿಳಿಯುತ್ತಿತ್ತು. ಹಿಡಿಕೆ ತೀರ ಹಗುರವಾಗಿ ತಿರುಗಿದರೆ ತಂತಿ ಎಲ್ಲೋ ಹರಿದಿದೆ. ಭಾರವಾಗಿ, ಯಾರೋ ಆ ಕಡೆಯಿಂದ ಹಿಡಿದು ಎಳೆದಂತೆ ತಿರುಗಿದರೆ, ಎರಡು ತಂತಿ ಎಲ್ಲೋ ಒಂದಕ್ಕೊಂದು ಮುಟ್ಟಿವೆ. ಈ ಭಾರ ನನಗೆ ಎಂದೂ ಸೇರುತ್ತಿರಲಿಲ್ಲ.

ಬಾದಾಮಿಯಿಂದ ಹೊರಟ ಒಂದು ಲೈನು ಶಿವಯೋಗ ಮಂದಿರದ ಕಡೆಗೆ ಇಳಿದು, ಅಲ್ಲಿಂದ ಮಲಪ್ರಭೆಯ ದಂಡೆ ಹಿಡಿದು ಹುನಗುಂದದ ಕಡೆಯ ಹಳ್ಳಿಗಳಿಗೆ ಹೋಗುತ್ತಿತ್ತು. ಅದರಲ್ಲಿ ವ್ಯಾಪಾರ ಕಡಿಮೆ, ಸಾವೂ ಕಡಿಮೆ. ಮಳೆಗಾಲದಲ್ಲಿ ಮಾತ್ರ ಆ ಲೈನು ಬೇಕೇಬೇಕು. ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟರೆ ಆ ಸುದ್ದಿ ದಂಡೆಯ ಊರುಗಳಿಗೆ ಹೋಗುತ್ತಿದ್ದದ್ದು ಅದರಲ್ಲೇ. ನಮ್ಮ ಕಡೆ ಹೊಳೆ ಬರುವ ರೀತಿಯೇ ಬೇರೆ. ಮಳೆ ಬೀಳುವುದು ದೂರದ ಘಟ್ಟದಲ್ಲಿ. ನಮ್ಮಲ್ಲಿ ಮುಗಿಲು ಬೆಳ್ಳಗೆ, ನೆಲದಲ್ಲಿ ಧೂಳು, ಹೊಲದಲ್ಲಿ ಸಜ್ಜೆ ಬಾಡುತ್ತಿರುತ್ತದೆ. ಅಂಥ ಒಣ ಮಧ್ಯಾಹ್ನವೇ ಹೊಳೆ ತುಂಬಿ ಬರುತ್ತದೆ. ಕಣ್ಣಾರೆ ಕಂಡರೂ ನಂಬಲಾಗದು.

ಆ ದಾರಿಯಲ್ಲಿ ಒಂದು ಕಡೆ ಕಂಬಗಳನ್ನು ತಗ್ಗಿನಲ್ಲಿ ನೆಟ್ಟು, ಪಕ್ಕದಲ್ಲೇ ದಂಡೆಯ ಏರಿ ಎತ್ತರಿಸಿದ್ದರು. ಏರಿಯ ಮೇಲೆ ನಿಂತರೆ ತಂತಿ ಕೈಗೆ ಎಟಕುತ್ತಿತ್ತು. ಕಂಬ ಎತ್ತರಿಸಬೇಕೆಂದು ನಾನು ಬಾಯಿ ಹರಿಯುವಷ್ಟು ಹೇಳಿದ್ದೆ. “ನೋಡೋಣಂತ” ಎನ್ನುತ್ತಿದ್ದರು. ನೋಡಲು ಯಾರೂ ಬರಲಿಲ್ಲ, ಹಾಳಾದವರು.

ಅಲ್ಲೇ ಎದುರಿಗೆ, ಹೊಳೆಯ ನಡುಗಡ್ಡೆಯಲ್ಲಿ, ಆ ವರ್ಷ ಒಬ್ಬ ಮುದುಕ ಕುರಿ ಹಟ್ಟಿ ಹಾಕಿದ್ದ. ಜತೆಗೆ ಅವನ ಸೊಸೆ, ಅವಳ ಕಂಕುಳಲ್ಲಿ ಹಾಲು ಕುಡಿಯುವ ಕೂಸು. ಮಗ ಉಣ್ಣೆ ಮಾರಲು ಹುನಗುಂದಕ್ಕೆ, ಇಳಕಲ್ಲಿಗೆ ತಿರುಗುತ್ತಿದ್ದ. ಬಯಲಲ್ಲಿ ಎಲ್ಲ ಒಣಗಿದ್ದರಿಂದ ನಡುಗಡ್ಡೆಯ ಹುಲ್ಲೇ ಅವರ ಕುರಿಗಳಿಗೆ ಆಧಾರ. ದಂಡೆಗೂ ನಡುಗಡ್ಡೆಗೂ ನಡುವೆ ಅಗಲವಾದ, ಮೊಣಕಾಲುದ್ದದ ಹರಿವು. ಮುದುಕ ದಿನಾ ದಾಟಿ ಬರುತ್ತಿದ್ದ. ಬಾಗಲಕೋಟೆಯಲ್ಲಿ ಹೊಳೆಯ ಮಗ್ಗುಲಲ್ಲೇ ಬೆಳೆದ ನಾನು ಮಾತ್ರ ಸೈಕಲ್ಲು ದಂಡೆಯಲ್ಲಿ ಬಿಟ್ಟು, ಅವನ ಕೋಲು ಹಿಡಿದುಕೊಂಡು ದಾಟುತ್ತಿದ್ದೆ. ಈಜು ಬಾರದು, ನೀರೆಂದರೆ ಪುಕ್ಕಲು. ಆ ಸೊಸೆ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು.

ಮುದುಕನಿಗೆ ನನ್ನ ಟ್ರಾನ್ಸಿಸ್ಟರ್ ಮೇಲೆ ಕಣ್ಣು. “ಈ ಡಬ್ಬ್ಯಾಗ ಕುಂತಾವರು ಭಾಳ ಸುಳ್ಳ ಹೇಳ್ತಾರ್ರಿ” ಎನ್ನುತ್ತಿದ್ದ, ಆದರೂ ಕಿವಿಗೆ ಒತ್ತಿ ಹಿಡಿದುಕೊಂಡಿದ್ದನ್ನು ಬಿಡುತ್ತಿರಲಿಲ್ಲ. ಟೆಲಿಫೋನ್ ಕಂಬಕ್ಕೂ ಕಿವಿ ಹಚ್ಚುತ್ತಿದ್ದ. ಗಾಳಿಗೆ ತಂತಿ ಗುಂಯ್‌ಗುಡುತ್ತದಲ್ಲ, ಅದನ್ನು ಕೇಳಿ ಒಂದು ದಿನ ಮೋರೆ ಸಣ್ಣದು ಮಾಡಿಕೊಂಡು ಕೇಳಿದ: “ಸಾಹೇಬ್ರ, ಇದರಾಗ ಯಾರೋ ಅಳಾಕತ್ತಾರಲ್ರಿ?”

“ಅದು ಗಾಳಿ, ಮುತ್ಯಾ.”

“ಗಾಳಿ ನಂಗ ಗೊತ್ತಿಲ್ಲೇನ್ರಿ? ಹುಟ್ಟಿದಾಗಿಂದ ಅದರ ಕೂಡನ ಅದೇನಿ.”

ನಾನು ನಕ್ಕೆ. ಆ ದಿನ ಬಾದಾಮಿಗೆ ವಾಪಸು ಬರುವಾಗ ಮಾತ್ರ ನನಗೂ ಆ ಗುಂಯ್ ಸಪ್ಪಳ ಬೆನ್ನು ಹತ್ತಿದಂತಾಗಿ ಜೋರಾಗಿ ಸೈಕಲ್ಲು ತುಳಿದೆ.

ಇನ್ನೊಂದು ಸಂಗತಿ ಹೇಳಲೇಬೇಕು. ಅವನ ಹತ್ತಿರ ಒಂದು ಕರಿಕಂಬಳಿ ಇತ್ತು. ಬೀರಪ್ಪನ ಪೂಜೆಯ ದಿನ ಅದನ್ನು ಹಾಸಿ ದೇವರ ಗದ್ದಿಗೆ ಮಾಡುತ್ತಿದ್ದರು. ಹಬ್ಬದ ಹಿಂದಿನ ದಿನ ತೊಳೆದರೆ, ಒಣಗಿ ಗದ್ದಿಗೆಗೆ ಏರುವವರೆಗೆ ಅದು ನೆಲಕ್ಕೆ ತಾಗಬಾರದು. ಉಳಿದ ದಿನಗಳಲ್ಲೂ ಅದರ ಹತ್ತಿರ ಕಾಲು ಚಾಚುವಂತಿಲ್ಲ. ನಾನು ಗೊತ್ತಿಲ್ಲದೆ ಒಮ್ಮೆ ಮಡಿಸಿಟ್ಟ ಕಂಬಳಿಯ ಅಂಚಿಗೆ ಬೂಟು ತಾಗಿಸಿದ್ದಕ್ಕೆ, ಅಷ್ಟೊತ್ತು ಸಾಹೇಬ್ರ ಎನ್ನುತ್ತಿದ್ದ ಮುದುಕ ಕೋಲು ಎತ್ತಿಬಿಟ್ಟಿದ್ದ. “ಕಾಲ ತಗೀಲೇ! ಮುರದ ಕೈಯಾಗ ಕೊಡ್ತೇನಿ!” ಆ ಕಣ್ಣು ನೋಡಿ ನಾನು ಥಟ್ಟನೆ ಕಾಲು ಮಡಚಿಕೊಂಡೆ. ಸೊಸೆಯೇ ನಡುವೆ ಬಂದು ಅವನ ಕೈ ಹಿಡಿದಿದ್ದಳು.

ಎಂಬತ್ತರ ದಶಕದ ಆರಂಭದ ಒಂದು ಮಳೆಗಾಲ. ಹಿಂದಿನ ಸಂಜೆ ಟ್ರಾನ್ಸಿಸ್ಟರಿನಲ್ಲಿ ಘಟ್ಟದ ಕಡೆ ವಿಪರೀತ ಮಳೆಯೆಂದು ಹೇಳಿದ್ದರು. ಮುಂಜಾನೆ ಬಾದಾಮಿಯ ಎಕ್ಸ್‌ಚೇಂಜಿಗೆ ಹೋದರೆ ಆಪರೇಟರ್ ಕಿವಿಗೆ ಫೋನು ಹಿಡಿದು ಹಲೋ ಹಲೋ ಎಂದು ಒದರುತ್ತಿದ್ದ.

“ಹೊಳಿ ಲೈನ್ ಸತ್ತೇತಿ ಮಾರಾಯಾ. ಮ್ಯಾಲಿನವರು ಏನೋ ಸುದ್ದಿ ಕಳಸ್ತಾರಂತ, ಜಲ್ದಿ ನೋಡು.”

ಹಿಡಿಕೆ ತಿರುಗಿಸಿ ನೋಡಿದೆ. ಭಾರ.

ಸೈಕಲ್ಲು ಹತ್ತಿ ಲೈನಿನ ಗುಂಟ ಹೊರಟೆ. ಶಿವಯೋಗ ಮಂದಿರ ದಾಟಿದ ಮೇಲೆ ಒಂದು ಕಂಬ ಹತ್ತಿ ನೋಡಿದೆ; ಭಾರ. ಮುಂದೆ ಹೋಗಿ ಇನ್ನೊಂದು ಹತ್ತಿದೆ, ಇನ್ನೂ ಭಾರ. ಮುಗಿಲಲ್ಲಿ ಒಂದು ತುಣುಕು ಮೋಡ ಇರಲಿಲ್ಲ. ಹೊಳೆಯ ನೀರು ಮಾತ್ರ ನಿನ್ನೆಯ ಬಣ್ಣದ್ದಾಗಿರಲಿಲ್ಲ. ಕೆಂಪಗೆ, ಮೇಲೆ ನೊರೆ, ನಡುನಡುವೆ ಹಸಿರೆಲೆಯ ಟೊಂಗೆಗಳು. ನಮ್ಮ ಸೀಮೆಯಲ್ಲಿ ಅಂಥ ಗಿಡವೇ ಇಲ್ಲ.

ಏರಿಯ ಹತ್ತಿರ ಬಂದಾಗ ಕಂಡಿತು. ಎರಡೂ ತಂತಿಗಳ ಮೇಲೆ ಹೊದಿಸಿದಂತೆ ಕರಿಕಂಬಳಿ ಜೋತುಬಿದ್ದಿತ್ತು. ಮರುದಿನ ಬೀರಪ್ಪನ ಪೂಜೆ. ತೊಳೆದ ಕಂಬಳಿ ನೆಲಕ್ಕೆ ತಾಗಬಾರದು. ಸುತ್ತ ಹುಡುಕಿದರೂ ಒಂದು ಗಿಡವಿಲ್ಲ. ಇದ್ದದ್ದು ಯಾರ ಕಾಲೂ ಮುಟ್ಟದ ನಮ್ಮ ತಂತಿ. ಮುದುಕ ಮುಂಜಾನೆ ಬಂದು ಭಕ್ತಿಯಿಂದ ಹಾಕಿ ಹೋಗಿದ್ದ. ನೀರು ಕುಡಿದ ಕಂಬಳಿಯ ಭಾರಕ್ಕೆ ತಂತಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ನನಗೆ ಅಳು ಬರುವಷ್ಟು ಸಿಟ್ಟು ಬಂತು.

ಆದರೂ ಅದನ್ನು ಹುಷಾರಾಗಿ ಇಳಿಸಿ, ಮಡಿಸಿ, ಸೈಕಲ್ಲಿನ ಕ್ಯಾರಿಯರ್ ಮೇಲಿಟ್ಟೆ. ತಂತಿಗಳು ಬೇರೆಯಾದವು. ಕ್ಲಿಪ್ಪು ಹಾಕಿ ಹಿಡಿಕೆ ತಿರುಗಿಸಿದ ಕೂಡಲೇ ಆಪರೇಟರನ ಧ್ವನಿ ಕಿವಿಯಲ್ಲಿ ಒಡೆಯಿತು.

“ಬಂತು, ಲೈನ್ ಬಂತು! ಗೇಟು ತಗದಾರಂತೋ! ಆಗಳೇ ತಗದಾರ! ಎಲ್ಲಾ ಊರಿಗೂ ಹೇಳಬೇಕು, ನೀ ಬಾಜೂಕ ಸರಿ!”

ಕ್ಲಿಪ್ಪು ಹಾಗೇ ಬಿಟ್ಟು ಸರಿದೆ. ಎದುರಿಗೆ ನಡುಗಡ್ಡೆಯಲ್ಲಿ ಮುದುಕ ಕುರಿಗಳ ನಡುವೆ ಬಗ್ಗಿ ನಿಂತಿದ್ದ. ಸೊಸೆ ಒಲೆಯ ಮುಂದೆ, ಕೂಸು ಅವಳ ಮಗ್ಗುಲಲ್ಲಿ. ಗುಡಿಸಲಿನ ಹೊರಗೆ ಮರಿಗಳನ್ನು ಮುಚ್ಚಿಟ್ಟ ದೊಡ್ಡ ಬುಟ್ಟಿಗಳು. ನಾನು ಗಂಟಲು ಹರಿಯುವಂತೆ ಕೂಗಿದೆ. ಪಡುವಣ ಗಾಳಿ ನನ್ನ ಕೂಗನ್ನು ನನಗೇ ಕೇಳಗೊಡಲಿಲ್ಲ. ಎರಡೂ ಕೈ ಬೀಸಿದೆ. ಮುದುಕ ನೋಡಿ, ಖುಷಿಯಿಂದ ತಾನೂ ಕೈ ಬೀಸಿದ. ಸೊಸೆ ಚಹಾದ ಚರಿಗೆ ಎತ್ತಿ ತೋರಿಸಿದಳು.

ಅಯ್ಯೋ ಶಿವನೇ! ದಂಡೆ ಇಳಿದು ನೀರಿಗೆ ಕಾಲಿಟ್ಟೆ. ಮೊಣಕಾಲಿಗಿದ್ದ ನೀರು ತೊಡೆಗೆ ಬಂದಿತ್ತು, ಸೆಳೆತಕ್ಕೆ ಕಾಲು ಕಿತ್ತುಬಂತು. ಹೆದರಿ ಮೇಲೆ ಬಂದೆ. ಆಗ ಕ್ಯಾರಿಯರ್ ಮೇಲಿನ ಕಂಬಳಿ ಕಣ್ಣಿಗೆ ಬಿತ್ತು.

ಅದನ್ನು ಎತ್ತಿ ಮುದುಕನಿಗೆ ಕಾಣುವಂತೆ ಗಾಳಿಗೆ ಬಿಡಿಸಿ ಹಿಡಿದೆ. ಆಮೇಲೆ ಏರಿಯ ಕೆಸರಿಗೆ ಒಗೆದು, ಬೂಟುಗಾಲಿನಿಂದ ಅದರ ಮೇಲೆ ಹತ್ತಿ ತುಳಿದೆ. ನನಗೂ ದೇವರ ಭಯವಿದೆ. ಕಣ್ಣು ಮುಚ್ಚಿ, ತಪ್ಪಾಯ್ತು ತಪ್ಪಾಯ್ತು ಎನ್ನುತ್ತಲೇ ತುಳಿದೆ.

ಕಣ್ಣು ತೆರೆದಾಗ ಮುದುಕ ನೀರಿನಲ್ಲಿದ್ದ. ಕೋಲು ಎತ್ತಿ ಹಿಡಿದು, ನನ್ನ ಏಳು ತಲೆಮಾರಿಗೆ ಸಲ್ಲುವಷ್ಟು ಬೈಯುತ್ತ ಬರುತ್ತಿದ್ದ. ಹಿಂದೆಯೇ ಸೊಸೆ, ಕೂಸನ್ನು ಹೆಗಲಿಗೇರಿಸಿಕೊಂಡು, “ಮಾವಾ, ಬ್ಯಾಡ್ರಿ! ಸರಕಾರಿ ಮನಷ್ಯಾರಿ!” ಎಂದು ಓಡಿ ಬರುತ್ತಿದ್ದಳು. ಅವಳು ಬರುತ್ತಿದ್ದದ್ದು ನನ್ನನ್ನು ಉಳಿಸಲು.

ಮೊದಲ ಏಟು ಭುಜಕ್ಕೆ ಬಿತ್ತು, ಎರಡನೆಯದು ಬೆನ್ನಿಗೆ. ಹೊಡೆತ ತಿಂದು ಅಷ್ಟು ಸಂತೋಷಪಟ್ಟವನು ಆ ಸೀಮೆಯಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ. ಸೊಸೆ ಏರಿ ಹತ್ತಿದ್ದನ್ನು ನೋಡಿಯೇ ಅವನ ಕೋಲು ಹಿಡಿದುಕೊಂಡೆ.

“ಹೊಡಿ ಮುತ್ಯಾ, ಎಷ್ಟು ಬೇಕಾದ್ರೂ ಹೊಡಿ. ಹೊಳಿ ಬಿಟ್ಟಾರ! ನೀರು ನೋಡು!”

ಮುದುಕ ತಿರುಗಿ ನೋಡಿದ. ತಾನು ಈಗಷ್ಟೇ ದಾಟಿ ಬಂದ ಹರಿವನ್ನು ನೋಡಿದ, ಮುಗಿಲನ್ನು ನೋಡಿದ, ನನ್ನ ಕಾಲ ಕೆಳಗಿನ ಕಂಬಳಿಯನ್ನು ನೋಡಿದ. ಅವನ ಮುಖದ ಸಿಟ್ಟು ಇಳಿಯಿತು. ಅವನ ಕಣ್ಣು ನಡುಗಡ್ಡೆಯ ಬುಟ್ಟಿಗಳ ಮೇಲೆ ನಿಂತಿತು.

“ಮರಿ ಬುಟ್ಟ್ಯಾಗ ಅದಾವು” ಎಂದ.

“ಹೋಗ್ಲಿ ಬಿಡು ಮುತ್ಯಾ!”

“ಮುಚ್ಚಿಟ್ಟಾಂವ ನಾನ. ದೊಡ್ಡವು ಈಸ್ಯಾವು. ಅವು ಹ್ಯಾಂಗ ಬರ್ತಾವು?” ಕೋಲನ್ನು ನನ್ನ ಕೈಯಿಂದ ಬಿಡಿಸಿಕೊಂಡ. “ಕಂಬಳಿ ನೆಲದ ಮ್ಯಾಲಿಂದ ಎತ್ತ್ರಿ, ಸಾಹೇಬ್ರ. ನಾ ಬರ್ತೇನಿ.”

ನಾನು ಅವನ ತೋಳು ಹಿಡಿದೆ. ಸೊಸೆಯೂ ಹಿಡಿದಳು. ಆ ವಯಸ್ಸಿನಲ್ಲಿ ಅಷ್ಟು ಬಲ ಎಲ್ಲಿತ್ತೋ, ಇಬ್ಬರನ್ನೂ ಕೊಡವಿ ಇಳಿದೇಬಿಟ್ಟ. ಎದೆಮಟ್ಟದ ನೀರಿನಲ್ಲಿ ಕೋಲು ಊರುತ್ತ ದಾಟಿದ. ಒಂದೊಂದೇ ಬುಟ್ಟಿ ಎತ್ತಿ ಮಗುಚಿದ್ದು ಕಂಡಿತು. ಮರಿಗಳು ನಡುಗಡ್ಡೆಯ ದಿಬ್ಬಕ್ಕೆ ಓಡಿದವು. ಕೊನೆಯ ಬುಟ್ಟಿಗೆ ಅವನು ಬಗ್ಗಿದಾಗ ಮೇಲುಗಡೆಯಿಂದ ಕೆಂಪು ನೀರು ಗೋಡೆಯಂತೆ ಬಂತು. ದೊಡ್ಡ ಸಪ್ಪಳವೇನೂ ಆಗಲಿಲ್ಲ. ಗುಡಿಸಲು ಹೋಯಿತು, ದಿಬ್ಬ ಹೋಯಿತು. ಒಂದಿಷ್ಟು ಕುರಿಗಳು ಈಸಿಕೊಂಡು ಬಂದು, ಬಹಳ ಕೆಳಗೆ ದಂಡೆ ಹತ್ತಿದವು. ಮುದುಕ ಹತ್ತಲಿಲ್ಲ.

ಸೊಸೆ ನೀರಿನ ಅಂಚಿಗೆ ಓಡಿದಳು. ಅಷ್ಟರಲ್ಲಿ ಕಂಬದ ಹತ್ತಿರ ನನ್ನ ಟೆಸ್ಟ್ ಫೋನು ಗಂಟೆ ಬಾರಿಸಿತು. ಅವಳು ಬೆಚ್ಚಿಬಿದ್ದು ಕೂಸನ್ನು ಅವಚಿಕೊಂಡಳು. ನಾನು ಎತ್ತಿಕೊಂಡೆ.

“ಭೇಷ ಮಾಡಿದೆಪಾ!” ಆಪರೇಟರನ ಧ್ವನಿಯಲ್ಲಿ ನಿರಾಳ ತುಂಬಿತ್ತು. “ಎಲ್ಲಾ ಊರಿಗೂ ಸುದ್ದಿ ಮುಟ್ಟೇತಿ. ಮಂದಿ ಮ್ಯಾಲೆ ಹತ್ತಿದ್ರಂತ. ನಿನ್ನ ಕಡೆ ಹೊಳ್ಯಾಗ ಯಾರೂ ಇಲ್ಲಲ್ಲ?”

“ಈಗ ಯಾರೂ ಇಲ್ಲ” ಎಂದೆ.

ಫೋನು ಇಟ್ಟು ಕಂಬಳಿಯನ್ನು ಕೆಸರಿನಿಂದ ಎತ್ತಿದೆ. ನನ್ನ ಬೂಟಿನ ಗುರುತು ಎದ್ದು ಕಾಣುತ್ತಿತ್ತು. ಸೈಕಲ್ಲು ಯಾವಾಗ ಬಿದ್ದಿತ್ತೋ, ಕೆಸರಿನಲ್ಲಿ ಅಡ್ಡಾಗಿತ್ತು. ಎಲ್ಲಿಡಲಿ? ಗಿಡವಿಲ್ಲ, ಗೂಟವಿಲ್ಲ. ಕೈಗೆ ಎಟಕುವಂತೆ ಇದ್ದದ್ದು ತಂತಿ ಮಾತ್ರ. ಅದರಲ್ಲಿ ಇನ್ನೂ ಹಳ್ಳಿ ಹಳ್ಳಿಗೆ ಮಾತು ಓಡುತ್ತಿತ್ತು. ನೀರು ಸುರಿಯುವ ಆ ಕಂಬಳಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತೆ. ಭಾರಕ್ಕೆ ತೋಳು ಸೋತು ಒಂದು ತುದಿ ಜಾರಿತು.

ಸೊಸೆ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಬಂದಳು. ನನ್ನ ಮುಖ ನೋಡಲಿಲ್ಲ. ಜಾರುವ ತುದಿಯನ್ನು ಹಿಡಿದು ಮೇಲೆತ್ತಿದಳು.

“ಮಾವ ಬರೂತನಕ ನೆಲಕ್ಕ ಹತ್ತಗೊಡಬ್ಯಾಡ್ರಿ” ಎಂದಳು.

ಆ ತುದಿ ಅವಳು, ಈ ತುದಿ ನಾನು, ಹೊಳೆಯ ಕಡೆ ಮುಖ ಮಾಡಿ ಹಿಡಿದು ನಿಂತೆವು. ಅವಳ ಗಂಡ ಹುನಗುಂದದಿಂದ ಬಂದು, ಅಪ್ಪ ಎಲ್ಲಿ ಎಂದು ಕೇಳುವವರೆಗೂ ಹಾಗೇ ನಿಂತಿದ್ದೆವು.