ಗುಡ್ಡೆಗೆ ಹೋದವನಿಗೆ ಎಂಟು ಪಿಟನ್

ನಮ್ಮ ಕಡೆ ‘ಗುಡ್ಡೆಗೆ ಹೋಗುವುದು’ ಅಂದರೆ ಏನೆಂದು ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ: ಮನೆಯಲ್ಲಿ ಕಕ್ಕಸು ಇಲ್ಲದ ಕಾಲದಲ್ಲಿ ಬೆಳಿಗ್ಗೆ ಚೆಂಬು ಹಿಡಿದು ಹೊರಡುತ್ತಿದ್ದೆವಲ್ಲ, ಅದು. ಈ ಮಾತನ್ನು ಇಂಗ್ಲಿಷಿಗೆ ತಿರುಗಿಸಬಾರದು. ನಾನು ತಿರುಗಿಸಿದೆ.

ಎರಡು ಸಾವಿರದ ಐದೋ ಆರೋ ಇರಬೇಕು. ಕತಾರಿನಲ್ಲಿ, ಮುಶೈರಿಬ್‌ನ ಒಂದು ಆಫೀಸಿನಲ್ಲಿ ನಾನು ಫೈಲು ನೋಡಿಕೊಳ್ಳುವವನು. ನಮ್ಮ ಮ್ಯಾನೇಜರ್ ಯುರೋಪಿನ ದೊರೆ. ಪ್ರತಿ ಚಳಿಗಾಲ ರಜೆ ಹಾಕಿ ಆಲ್ಪ್ಸ್ ಹತ್ತುವ ಮರುಳು. ಒಂದು ದಿನ ಊಟದ ಹೊತ್ತಿಗೆ ಬಾಲ್ಯದ ಮಾತು ಬಂತು.

“ನಾನು ದಿನಾ ಬೆಳಿಗ್ಗೆ ಗುಡ್ಡೆಗೆ ಹೋಗ್ತಿದ್ದೆ ಸರ್,” ಅಂದೆ ಇಂಗ್ಲಿಷಿನಲ್ಲಿ, ಮರ್ಯಾದೆಯಾಗಿ.

“ದಿನಾ? ಚಳಿಗಾಲದಲ್ಲೂ?”

“ಹೋಗದೆ ಆಗ್ತದಾ ಸರ್?”

“ಒಬ್ಬನೇ?”

“ಮತ್ತೆ?”

ಅವರು ಚಮಚ ಕೆಳಗಿಟ್ಟರು. ನನ್ನನ್ನು ಅಷ್ಟು ಗೌರವದಿಂದ ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ. ಹಾಗಾಗಿ ತಿದ್ದಲಿಲ್ಲ.

ಮರುವಾರ ಅವರ ಬೆಟ್ಟದ ಜೊತೆಗಾರ ಕೈ ಮುರಿದುಕೊಂಡ. ಮ್ಯಾನೇಜರ್ ಬಂದು ನನ್ನ ಮೇಜಿನ ಮೇಲೆ ಒಂದು ಚೀಲ ಸುರಿದರು. ಎಲ್ಲ ಪಿಟನ್‌ಗಳು. ಪಿಟನ್ ಅಂದರೆ ಬಂಡೆಯ ಬಿರುಕಿಗೆ ಹೊಡೆದು, ಅದರ ತೂತಿಗೆ ಹಗ್ಗ ಸಿಕ್ಕಿಸಿ ನೇತಾಡುವ ಉಕ್ಕಿನ ಮೊಳೆ.

“ಎಂಟು ಆರಿಸು. ಹೆಚ್ಚಾದರೆ ಭಾರ, ತಪ್ಪಾದರೆ ಸಾವು. ಸರಿಯಾಗಿ ಆರಿಸಿದರೆ ಜನವರಿಯಲ್ಲಿ ನೀನೇ ನನ್ನ ಜೊತೆಗಾರ.”

ಅಯ್ಯೋ ದೇವರೇ! ಸರಿ ಆರಿಸಿದರೆ ಹಿಮದಲ್ಲಿ ಪ್ರಾಣ ಹೋಗುತ್ತದೆ, ತಪ್ಪಿದರೆ ಆಫೀಸಿನಲ್ಲಿ ಮಾನ ಹೋಗುತ್ತದೆ. ಚೀಲ ಹೊತ್ತು ಅಲ್ ಗರಾಫಾದ ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ನಕ್ಕು ನಕ್ಕು ನೆಲಕ್ಕೆ ಕೂತಳು.

“ನಿಮಗೆ ಮಂಡೆ ಸಮ ಇಲ್ವಾ ಮಾರಾಯ್ರೇ? ನಿಜ ಹೇಳಿಬಿಡಿ.”

“ಮಾನ ಹೋಗ್ತದೆ. ನೀನು ಮೊದಲು ಆರಿಸಿಕೊಡು. ಆಮೇಲೆ ಬೆನ್ನುನೋವು ಅಂತ ಹೇಳ್ತೇನೆ.”

ಅವಳು ಕಣ್ಣೊರೆಸಿಕೊಂಡು ಯೋಚಿಸಿದಳು. “ಚಳಿಗಾಲ ಅಂದ್ರೆ ಬಿರುಕಲ್ಲೆಲ್ಲ ಐಸು ತುಂಬಿರ್ತದಲ್ಲ?” ಅನ್ನುತ್ತಾ ಫ್ರೀಜರ್ ತೆಗೆದಳು. ಅಲ್ಲಿ ಎರಡು ಕಿಲೋ ಬಂಗುಡೆ ಒಂದಕ್ಕೊಂದು ಅಂಟಿ ಬಂಡೆಯಾಗಿತ್ತು. ಅದನ್ನು ಸಿಂಕಿನಲ್ಲಿಟ್ಟು ಪಿಟನ್‌ಗಳನ್ನು ಒಂದೊಂದಾಗಿ ಸುತ್ತಿಗೆಯಿಂದ ಹೊಡೆದಳು. ಹೊಡೆದದ್ದಕ್ಕೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿ ಎತ್ತಿದಳು. ದಪ್ಪದವು ಮೀನನ್ನೇ ಸೀಳಿದವು. ತೆಳ್ಳಗಿನದು ಕಚ್ಚಿ ಹಿಡಿದು, ಬಂಗುಡೆ ಗುಂಪು ಇಡಿಯಾಗಿ ಗಾಳಿಯಲ್ಲಿ ತೂಗಾಡಿತು.

“ತೆಳ್ಳಗಿನದು ಐದು, ನಡುವಿನದು ಎರಡು. ದಪ್ಪದ್ದು ಒಂದಿರಲಿ, ಎಲ್ಲಾದರೂ ದೊಡ್ಡ ಸಂದು ಸಿಕ್ಕಿದರೆ. ಖಲಾಸ್!” ಅಂದಳು. ರಾತ್ರಿಯ ಸಾರಿಗೆ ಸೀಳಿದ ಮೀನೇ ಆಯಿತು.

ಮರುದಿನ ಮ್ಯಾನೇಜರ್ ಎಂಟನ್ನೂ ಸಾಲಾಗಿ ಇಟ್ಟು ನೋಡಿದರು. “ಐದು ತೆಳ್ಳಗಿನವು! ನಾನೂ ಇವನ್ನೇ ಆರಿಸುತ್ತಿದ್ದೆ,” ಅಂದರು. ನಾನು ಸೊಂಟ ಹಿಡಿದುಕೊಂಡು ಬೆನ್ನುನೋವಿಗೆ ತಯಾರಾಗುತ್ತಿದ್ದೆ. ಅಷ್ಟರಲ್ಲಿ ಅವರು ಒಂದನ್ನು ಮೂಗಿನ ಹತ್ತಿರ ತಂದರು.

“ಇದೇನು ವಾಸನೆ?”

ಬಂಗುಡೆ ಅಂದೆ. ಬಂಗುಡೆ ಯಾಕೆ ಎಂದು ಕೇಳಿದರು. ಬಾಯಿ ಒಮ್ಮೆ ಬಿಟ್ಟ ಮೇಲೆ ನಿಲ್ಲಲಿಲ್ಲ. ಫ್ರೀಜರ್, ಗುಡ್ಡೆ, ಚೆಂಬು, ಎಲ್ಲವನ್ನೂ ಹೇಳಿಬಿಟ್ಟೆ. ಅವರು ಮುಖ ಮುಚ್ಚಿಕೊಂಡು ತುಂಬ ಹೊತ್ತು ಅಲುಗಾಡಿದರು. ಅಳುತ್ತಿದ್ದಾರೆ ಅಂದುಕೊಂಡಿದ್ದೆ.

ಕೊನೆಗೆ ಕಣ್ಣೊರೆಸಿಕೊಂಡು, “ಹಾಗಾದರೆ ನನಗೆ ಬೇಕಾದ ಜೊತೆಗಾರ ನೀನಲ್ಲ, ನಿನ್ನ ಹೆಂಡತಿ. ಬರುತ್ತಾಳಾ, ಕೇಳು,” ಅಂದರು.

ತಮಾಷೆಗೆ ಅಂದದ್ದೇ ಇರಬಹುದು. ಆದರೂ ಮನೆಗೆ ಹೋಗಿ ಹೇಳಿದಾಗ ಅವಳ ಮುಖ ನೋಡಬೇಕಿತ್ತು. ಕತಾರಿಗೆ ಬಂದು ಆರು ವರ್ಷವಾಗಿತ್ತು, ಅಡುಗೆಮನೆಯ ಆಚೆಗಿನ ಕೆಲಸಕ್ಕೆ ಅವಳನ್ನು ಒಬ್ಬರೂ ಕರೆದಿರಲಿಲ್ಲ, ನಾನೂ.

“ನನ್ನನ್ನಾ? ನಿಜವಾಗಿ ಕೇಳಿದ್ರಾ?” ಅಂದಳು. ಸ್ವಲ್ಪ ಹೊತ್ತು ಕಿಟಕಿಯ ಹತ್ತಿರ ನಿಂತಳು. ಹೋಗುತ್ತೇನೆ ಅನ್ನುತ್ತಾಳೋ ಎಂದು ನನಗೆ ದಿಗಿಲಾಯಿತು.

“ಬರುವುದಿಲ್ಲ ಅಂತ ಹೇಳಿ,” ಅಂದಳು ಆಮೇಲೆ. “ಆ ಐಸಿನಲ್ಲಿ ಗುಡ್ಡೆಗೆ ಹೋಗುವುದು ಹೇಗೆ?”