ಬೀರಪ್ಪನ ಟಗರು, ನನ್ನ ಗುಳಿಗೆ

ನನ್ನ ರೋಗ ಮರಳಿ ಬರಲು ಹರಕೆಗೆ ಕಡಿದ ಟಗರಿನ ಹಿಂಗಾಲಿನ ಮೇಲಿದ್ದ ಕಪ್ಪು ಮಚ್ಚೆಯೇ ಕಾರಣವೆಂದು ನಮ್ಮ ಮನೆತನದವರು ಸರ್ವಾನುಮತದಿಂದ ತೀರ್ಮಾನಿಸಿದರು. ಹೈದರಾಬಾದಿನ ಡಾಕ್ಟರು ಬೇರೆಯೇ ಹೇಳಿದ್ದರು. ಪಾಪ, ಅವರು ಆ ಟಗರನ್ನು ನೋಡಿರಲಿಲ್ಲ.

ನಾನು ಮಕ್ತಲ್‌ನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ನನಗಿರುವುದು ಮಲ್ಟಿಪಲ್ ಮೈಲೋಮಾ, ಅಂದರೆ ಎಲುಬಿನೊಳಗಿನ ಮಜ್ಜೆಯಲ್ಲಿ ಹುಟ್ಟುವ ಕ್ಯಾನ್ಸರ್. ಮೊದಲ ಸಲ ಔಷಧ ಕೊಟ್ಟು, ರಕ್ತ ಹುಟ್ಟಿಸುವ ನನ್ನವೇ ಕಾಂಡಕೋಶಗಳನ್ನು ತೆಗೆದಿಟ್ಟು, ಮತ್ತೆ ನನಗೇ ಹಾಕಿದರು. ಆಮೇಲೆ ದಿನಾ ನುಂಗಲು ಒಂದು ಗುಳಿಗೆ. ರೋಗ ಅಡಗಿದೆ, ಆದರೆ ಮರಳಬಹುದು ಎಂದು ಡಾಕ್ಟರು ಅಂದೇ ಎಚ್ಚರಿಸಿದ್ದರು. ಅಡಗಿದ್ದನ್ನೇ ಗುಣವೆಂದು ತಿಳಿದು, ಗಟ್ಟು ಎಂಬ ಹಳ್ಳಿಯಲ್ಲಿ ಕುರಿ ಸಾಕುವ ನನ್ನ ಅಣ್ಣ, ಹರಕೆಯಂತೆ ಮನೆದೇವರು ಬೀರಪ್ಪನಿಗೆ ಟಗರು ಕಡಿದು ಊರಿಗೆಲ್ಲ ಉಣಿಸಿದ. ನಾನೂ ಗಡದ್ದಾಗಿ ಉಂಡೆ.

ಕೆಲವು ವರ್ಷಗಳ ನಂತರ, ಮೈಯಲ್ಲಿ ಒಂದಿಷ್ಟೂ ನೋವಿಲ್ಲದಿದ್ದರೂ, ರಕ್ತಪರೀಕ್ಷೆಯಲ್ಲಿ ರೋಗ ಮತ್ತೆ ಕಾಣಿಸಿತು. ಹಳೆಯ ಗುಳಿಗೆ ಸೋತಿತ್ತು. ಈ ಸಲ ಹೊಟ್ಟೆಯ ಚರ್ಮದಡಿ ಒಂದು ಇಂಜೆಕ್ಷನ್, ಹೊಸದೊಂದು ಗುಳಿಗೆ, ಜೊತೆಗೆ ಪ್ರತಿ ಭಾನುವಾರ ಬೆಳಿಗ್ಗೆ ಸ್ಟೀರಾಯ್ಡ್.

ಈ ಸ್ಟೀರಾಯ್ಡಿನ ಮಹಿಮೆ ದೊಡ್ಡದು. ಅದನ್ನು ನುಂಗಿದ ದಿನ ನಾನು ಅಟ್ಟ ಗುಡಿಸುತ್ತೇನೆ, ಡಬ್ಬಿಗಳನ್ನೆಲ್ಲ ತಿಕ್ಕುತ್ತೇನೆ, ಗಂಡನೊಡನೆ ಕಾಲು ಕೆರೆದು ಜಗಳ ತೆಗೆದು ಗೆಲ್ಲುತ್ತೇನೆ. ಮಂಗಳವಾರ ಅದು ಇಳಿದಾಗ ಚಹಾದ ಕಪ್ಪು ಎತ್ತಲೂ ಅದೇ ಗಂಡ ಬೇಕು. ನೆಂಟರು ನೋಡಲು ಬರುವುದು ಭಾನುವಾರ. ಮಂಗಳವಾರ ಯಾರಿಗೂ ಪುರುಸೊತ್ತಿಲ್ಲ.

ಅಂಥದೊಂದು ಭಾನುವಾರ ಅಣ್ಣ ಬಂದಾಗ ನಾನು ಏಣಿಯ ಮೇಲೆ ಜೇಡರಬಲೆ ತೆಗೆಯುತ್ತಿದ್ದೆ. ಅವನ ಮುಖ ಅರಳಿತು.

"ಗುಣ ಆಗ್ಯಾಳ ನಮ್ಮ ತಂಗಿ! ಮಚ್ಚಿ ಇಲ್ಲದ ಟಗರು ಮೀಸಲು ಬಿಟ್ಟೀನಿ. ಬರೋ ಅಮಾಸಿಗೆ ಹರಕಿ ಮುಟ್ಟಿಸಿಬಿಡೂಣು."

"ಅಣ್ಣಾ, ಇದು ಗುಣ ಅಲ್ಲ. ಗುಳಿಗಿ ಕುಣಸಾಕ ಹತ್ತೈತಿ."

"ಹರಕಿ ಮುಟ್ಟಿದ ಮ್ಯಾಲ ಗುಳಿಗಿ ನುಂಗಬಾರದವ್ವಾ. ದೇವ್ರ ಮ್ಯಾಲ ನಂಬಿಕಿ ಇಲ್ಲ ಅಂದಂಗ ಆಗ್ತೈತಿ. ಹೋದ ಸಲ ನುಂಗಿದಿ, ನೋಡು ಏನಾತು."

ಹೀಗೆ ಕಾರಣಗಳ ಪಟ್ಟಿಯಲ್ಲಿ ಮಚ್ಚೆಗೆ ಗುಳಿಗೆಯ ಜೊತೆ ಸಿಕ್ಕಿತು. ನನ್ನ ಗಂಡ ಎಂದಿನಂತೆ ಇಬ್ಬರಿಗೂ ತಲೆಯಾಡಿಸಿದ. ನಾನು ನಕ್ಕೆ. ಆದರೆ ಅಪ್ಪ ಹೋದ ಮೇಲೆ ಅಣ್ಣನ ಮಾತನ್ನು ನಮ್ಮಲ್ಲಿ ಯಾರೂ ಮೀರಿಲ್ಲ. ಗುಳಿಗೆ ಬಿಟ್ಟರೆ ನಾನು ಉಳಿಯುವುದಿಲ್ಲ.

ಹತ್ತಿರದ ಕೊತ್ತಪಲ್ಲಿಯಲ್ಲಿ ಅಣ್ಣನಿಗೆ ಏನೋ ಕೆಲಸವಿತ್ತು, ಹಾಗಾಗಿ ನಮ್ಮಲ್ಲೇ ಉಳಿದ. ಮಂಗಳವಾರದ ನನ್ನನ್ನು ಅವನು ಕಂಡದ್ದು ಅದೇ ಮೊದಲು. ನಾನು ಎತ್ತಲಾರದ ಚಹಾದ ಕಪ್ಪನ್ನು ತೆಗೆದುಕೊಂಡು ತಾನೇ ನನ್ನ ಬಾಯಿಗೆ ಹಿಡಿದ.

"ಎಷ್ಟು ದಿನ ನುಂಗಬೇಕವ್ವಾ ಇದನ್ನ?"

"ಕೆಲಸ ಮಾಡೋತನಕ."

"ಆಮ್ಯಾಲ?"

"ಬ್ಯಾರೆ ಔಷಧ. ಅದೂ ಸೋತ್ರ ಇನ್ನೊಂದು. ನನ್ನ ರಕ್ತದಾಗಿನ ಕಣ ತಗದು, ರೋಗ ಹೊಡಿಯಾಕ ತಯಾರು ಮಾಡಿ, ತಿರುಗಿ ನನಗ ಹಾಕೋದೂ ಐತಂತ."

"ಪೂರಾ ಗುಣ ಯಾವಾಗ?"

"ಅದು ಆಗಂಗಿಲ್ಲಂತಣ್ಣಾ."

ಅವನು ಕಪ್ಪನ್ನು ಕೆಳಗಿಟ್ಟ.

"ಹಂಗಾರ ಹರಕಿ ಮುಟ್ಟಿಸಾಕ ಬರಂಗಿಲ್ಲ," ಎಂದ. "ಗುಣ ಆದ ಮ್ಯಾಲ ಕೊಡ್ತೀನಿ ಅಂತ ಬೇಡಿಕೊಂಡೀನಿ. ಈಗ ಕಡದ್ರ ದೇವ್ರಿಗೆ ಸುಳ್ಳು ಹೇಳಿದಂಗ. ನೀ ಗುಳಿಗಿ ನುಂಗು."

ಡಾಕ್ಟರಿಗೆ, ಗಂಡನಿಗೆ, ನನ್ನ ಗಣಿತಕ್ಕೆ ಆಗದಿದ್ದ, ಅಣ್ಣನನ್ನು ಒಪ್ಪಿಸುವ ಕೆಲಸವನ್ನು ಬೀರಪ್ಪನ ಹರಕೆಯೇ ಮಾಡಿತು.

ದೇವರಿಗೆ ಮೀಸಲಾದ ಟಗರನ್ನು ಮಾರುವಂತಿಲ್ಲ, ಹೊಡೆಯುವಂತಿಲ್ಲ. ಅದು ಗಟ್ಟುವಿನ ಶೇಂಗಾ ಹೊಲಗಳಲ್ಲಿ ಜಮೀನ್ದಾರನಂತೆ ತಿರುಗುತ್ತದೆ. ಬೈಯಲು ಬಂದವರು ಕೈಮುಗಿದು ಹೋಗುತ್ತಾರೆ. ನಾನು ಬೇಗ ಗುಣವಾಗಲಿ ಎಂದು ನೆಂಟರೆಲ್ಲ ಹಾರೈಸುತ್ತಾರೆ. ನನ್ನ ಚಿಕಿತ್ಸೆ ಹೀಗೇ ನಡೆಯುತ್ತಿರಲಿ ಎನ್ನುವವರು ಇಬ್ಬರೇ, ನಾನು ಮತ್ತು ಆ ಟಗರು.

ಅದಾಗಿ ಕೆಲವು ಮಳೆಗಾಲ ಕಳೆದವು. ಹೋದ ತಿಂಗಳ ರಕ್ತಪರೀಕ್ಷೆಯೂ ಚೆನ್ನಾಗಿಯೇ ಬಂತೆಂದು ತಿಳಿಸಲು ಅಣ್ಣನಿಗೆ ಫೋನ್ ಮಾಡಿದೆ. ಟಗರು ಹೇಗಿದೆ ಎಂದೂ ಕೇಳಿದೆ.

"ಹಲ್ಲು ಉದುರಾಕ ಹತ್ಯಾವು," ಎಂದ. "ಉದುರ್ಲಿ ಬಿಡವ್ವಾ. ಅದು ಮುದುಕಾಗೇ ಸಾಯ್ಲಿ."