ಗಂಡನ ಹೆಸರಿನ ಕಫ

ರೋಗಿಯ ಹತ್ತಿರ ಕಫ ಕೇಳುವುದು ಹೇಗೆಂದು ಹೊಸ ಡಾಕ್ಟರುಗಳಿಗೆ ಕಲಿಸುವುದೇ ಒಂದು ಕಾಲದಲ್ಲಿ ನನ್ನ ಕೆಲಸವಾಗಿತ್ತು. ಎರಡು ಸಾವಿರದ ಇಸವಿಯ ಆಸುಪಾಸು. ನಗರದ ಒಂದು ವೈದ್ಯಕೀಯ ಕಾಲೇಜಿನವರೂ ಜಿಲ್ಲೆಯ ಡಾಕ್ಟರುಗಳಾದ ನಾವು ಕೆಲವರೂ ಸೇರಿ ಕ್ಷಯರೋಗದ ಬಗ್ಗೆ ಅಧ್ಯಯನ ಮಾಡುತ್ತಿದ್ದೆವು. ಆರೋಗ್ಯ ಕಾರ್ಯಕರ್ತರ ಬದಲು ಮನೆಯವರೇ ಎದುರು ನಿಂತು ಮಾತ್ರೆ ನುಂಗಿಸಿದರೆ ರೋಗ ಅಷ್ಟೇ ಚೆನ್ನಾಗಿ ವಾಸಿಯಾಗುತ್ತದೆಯೇ ಎಂಬುದು ಪ್ರಶ್ನೆ. ಮೂಡಿಗೆರೆ, ಕಳಸದ ಕಡೆಯ ತೋಟಗಳಲ್ಲಿ ರೋಗಿಗಳನ್ನು ಹುಡುಕುವುದು, ಸಂಶೋಧನೆಯ ಗಂಧವಿಲ್ಲದ ಎಳೆಯ ಡಾಕ್ಟರುಗಳನ್ನು ತಯಾರು ಮಾಡುವುದು ನನ್ನ ಪಾಲಿಗೆ ಬಂತು. ನಾನು ಸಿಡುಕ. ಅವರು ಬೆನ್ನ ಹಿಂದೆ ನನಗಿಟ್ಟಿದ್ದ ಅಡ್ಡಹೆಸರು ಗೊತ್ತಿದೆ, ಇಲ್ಲಿ ಬರೆಯುವುದಿಲ್ಲ.

ತಂಡದಲ್ಲಿ ಬಯಲುಸೀಮೆಯ ಹುಡುಗಿಯೊಬ್ಬಳಿದ್ದಳು. ಜಿಗಣೆ ಕಂಡರೆ ಕಿರುಚುವವಳು, ಆದರೆ ರೋಗಿಯ ಮುಂದೆ ಕೂತಳೆಂದರೆ ಗಡಿಬಿಡಿ ಇಲ್ಲ. ಕೊಟ್ಟಿಗೆಹಾರದ ಹತ್ತಿರದ ಒಂದು ಎಸ್ಟೇಟಿನಲ್ಲಿ ಕಾಫಿ ಕೊಯ್ಯುವ ಆಳೊಬ್ಬನನ್ನು ಅವಳು ತನ್ನ ಮೊದಲ ರೋಗಿಯಾಗಿ ಸೇರಿಸಿಕೊಂಡಳು. ಎಕ್ಸ್‌ರೇಯಲ್ಲಿ ಹಳೆಯದೊಂದು ಕಲೆ, ಬಿಡದ ಕೆಮ್ಮು, ಕಫದಲ್ಲಿ ಕ್ರಿಮಿ. ಮಾತ್ರೆ ನುಂಗಿಸುವ ಹೊಣೆ ಅವನ ಹೆಂಡತಿಯದು. ಸಣಕಲು ಹೆಂಗಸು. ನಾವು ಹೋದರೆ ಬೆಲ್ಲದ ಕಾಫಿ ಕುಡಿಸದೆ ಕಳಿಸುತ್ತಿರಲಿಲ್ಲ.

“ನಾನಿದೀನಲ್ಲ ಡಾಕ್ಟ್ರಮ್ಮ, ಒಂದು ಮಾತ್ರೆನೂ ತಪ್ಸಲ್ಲ” ಎಂದು ಹುಡುಗಿಗೆ ಮಾತು ಕೊಟ್ಟಿದ್ದಳು. ತಪ್ಪಿಸಲೂ ಇಲ್ಲ.

ತಿಂಗಳುಗಳು ಕಳೆದವು. ಗಂಡ ಮೈ ತುಂಬಿಕೊಂಡ, ಕೊಯ್ಲಿನಲ್ಲಿ ಚೀಲ ಹೊರುವಷ್ಟು ಗಟ್ಟಿಯಾದ. ಕಫದಲ್ಲಿ ಮಾತ್ರ ಪರೀಕ್ಷೆ ಮಾಡಿದಾಗಲೆಲ್ಲ ಕ್ರಿಮಿ. ಮಾತ್ರೆಗೆ ಬಗ್ಗದ ರೋಗ ಸಿಕ್ಕಿತೆಂದು ನಗರದ ಕಾಲೇಜಿನ ಹಿರಿಯರಿಗೆ ಹುರುಪು. ಹುಡುಗಿಗೂ ಹುರುಪು.

“ಸರ್, ಇದನ್ನ ಜರ್ನಲ್‌ಗೆ ಬರೀಬಹುದಲ್ವಾ?”

“ಬರಿಯೋದು ಆಮೇಲೆ ಮಾರಾಯ್ತಿ. ಆ ಮನುಷ್ಯ ಗುಂಡುಕಲ್ಲಿನ ಹಂಗಿದಾನೆ, ಅವನ ಕಫ ನೋಡಿದ್ರೆ ಸಾಯೋ ಹಂಗಿದೆ. ಕಫ ಕೊಡೋವಾಗ ಯಾರಾದ್ರೂ ಎದುರಿಗಿದ್ರಾ? ನಾಳೆ ಹೋಗಿ ನೋಡಾಣ ನಡಿ.”

ಮರುದಿನ ಬೆಳಿಗ್ಗೆ, ಆಳುಗಳು ಹಾಜರಿಗೆ ಹೊರಡುವ ಮೊದಲೇ, ಕೂಲಿಯವರ ಸಾಲಿನಲ್ಲಿದ್ದ ಅವನ ಲೈನ್ ಮನೆ ತಲುಪಿದೆವು. ಗಂಡ ಒಲೆಯ ಮುಂದೆ ಕೂತಿದ್ದ. ಹುಡುಗಿ ಅವನ ಕೈಗೆ ಕಫ ಹಿಡಿಯುವ ಪ್ಲಾಸ್ಟಿಕ್ ಕಪ್ಪು ಕೊಟ್ಟಳು. ಅವನು ಅದನ್ನು ಹೆಂಡತಿಗೆ ದಾಟಿಸಿದ. ಆಕೆ ಸೆರಗು ಸರಿಮಾಡಿಕೊಂಡು ಮನೆಯ ಹಿಂದೆ ಕಾಫಿ ಗಿಡಗಳ ನಡುವೆ ಹೋದಳು. ಆಮೇಲೆ ಕೆಮ್ಮು ಕೇಳಿಸಿತು. ಹೊಟ್ಟೆಯ ಆಳದಿಂದ ಎಳೆದು ಎಳೆದು ಬರುವ ಕೆಮ್ಮು, ನಿಂತಿತು ಅನ್ನುವಷ್ಟರಲ್ಲಿ ಮತ್ತೆ. ಹುಡುಗಿ ನನ್ನ ಮುಖ ನೋಡಿದಳು. ಇಬ್ಬರಿಗೂ ಅರ್ಥವಾಗಿತ್ತು.

ಆಕೆ ಮುಚ್ಚಳ ಹಾಕಿದ ಕಪ್ಪನ್ನು ಎರಡೂ ಕೈಯಲ್ಲಿ ತಂದು ಕೊಟ್ಟಳು.

“ಯಾವಾಗಲೂ ನೀವೇ ಕೊಡೋದಾ?” ಎಂದು ಹುಡುಗಿ ಕೇಳಿದಳು.

“ಮೊದ್ಲಿಂದನೂ ನಾನೇ. ಇವ್ರದ್ದು ಒಣ ಕೆಮ್ಮು ಡಾಕ್ಟ್ರಮ್ಮ, ಎಂಥದೂ ಬರಲ್ಲ. ಖಾಲಿ ಕೊಟ್ರೆ ನಿಮಗೆ ತೊಂದ್ರೆ ಅಲ್ವಾ. ನಂಗಾದ್ರೆ ಒಲೆ ಹೊಗೆಗೆ ಬೇಕಾದಷ್ಟು ಬರುತ್ತೆ. ಹಣ್ಣು ಕೊಯ್ಯೋದೂ ಹಂಗೇ ಅಲ್ವಾ? ಇಬ್ರೂ ಒಂದೇ ಚೀಲಕ್ಕೆ ಹಾಕ್ತೀವಿ, ರೈಟ್ರು ತೂಕ ಮಾಡಿ ಇವ್ರ ಹೆಸ್ರಿಗೆ ಬರ್ಕೊತಾರೆ.”

ಅದು ನಿಜ. ನಮ್ಮ ಕಡೆಯ ಎಷ್ಟೋ ತೋಟಗಳಲ್ಲಿ ಗಂಡ ಹೆಂಡತಿ ಕೊಯ್ದದ್ದು ಒಂದೇ ಚೀಲ. ಕಪ್ಪನ್ನೂ ಆಕೆ ಹಾಗೇ ತಿಳಿದಿದ್ದಳು. ಮೋಸದ ಲವಲೇಶವೂ ಅದರಲ್ಲಿರಲಿಲ್ಲ. ರೋಗ ಇರುವುದು ನಿಮಗೆ ಎಂದು ಹುಡುಗಿ ಬಿಡಿಸಿ ಹೇಳಿದಾಗ ಆಕೆ ಸ್ವಲ್ಪ ಹೊತ್ತು ಗಂಡನನ್ನೇ ನೋಡಿದಳು.

“ಹಂಗಾರೆ ಇವ್ರಿಗೆ ಎಂಥ ಇಲ್ವಾ?” ಎಂದಳು. ಅವಳ ಮುಖದಲ್ಲಿ ಸಮಾಧಾನವಿತ್ತು. ನನಗೆ ಯಾರ ಮೇಲೆಂದು ತಿಳಿಯದ ಸಿಟ್ಟು ಬಂತು.

ಅವತ್ತೇ ಜೀಪಿನಲ್ಲಿ ಚಿಕ್ಕಮಗಳೂರಿಗೆ ಕರೆತಂದು ಔಷಧಿ ಶುರುಮಾಡಿದೆವು. ಎರಡೂ ಶ್ವಾಸಕೋಶ ಹಾಳಾಗಿದ್ದವು. ಹುಡುಗಿ ವಾರ್ಡಿಗೆ ದಿನವೂ ಹೋದಳು, ಮೊಟ್ಟೆ ಬೇಯಿಸಿಕೊಂಡು ಹೋದಳು. ಕಾಫಿ ಅರಳಿಸುವ ಹೂಮಳೆ ಬೀಳುವ ಮೊದಲೇ ಆ ಹೆಂಗಸು ತೀರಿಕೊಂಡಳು.

ಮುಂದಿನ ಸಭೆಯಲ್ಲಿ ನಗರದ ಹಿರಿಯರೊಬ್ಬರು, ಗಂಡನ ಕೇಸನ್ನು ಅಧ್ಯಯನದಿಂದ ತೆಗೆದುಬಿಡಿ ಎಂದರು. ಲೆಕ್ಕದ ದೃಷ್ಟಿಯಿಂದ ಸರಿಯೇ. ಹುಡುಗಿ ಎದ್ದು ನಿಂತು, “ಆ ಹೆಂಗಸನ್ನ ಎಲ್ಲಿ ಸೇರಿಸೋದು ಸರ್?” ಎಂದಳು. ಆಕೆ ನಮ್ಮ ಅಧ್ಯಯನದಲ್ಲೇ ಇರಲಿಲ್ಲವಲ್ಲ ಎಂದು ಅವರು ಸೌಮ್ಯವಾಗಿಯೇ ಉತ್ತರಿಸಿದರು. ಆಮೇಲೆ ಊಟಕ್ಕೆ ಎದ್ದೆವು.

ಅಂದಿನಿಂದ ಆ ಕೆಮ್ಮು ನನ್ನನ್ನು ಬಿಟ್ಟಿಲ್ಲ. ಬಸ್ಸಿನಲ್ಲಿ ಹಿಂದಿನ ಸೀಟಿನಿಂದ, ಪಾಠ ಮಾಡುವಾಗ ಪಕ್ಕದ ಖಾಲಿ ಕೋಣೆಯಿಂದ ಕೇಳಿಸುತ್ತದೆ. ಎದ್ದು ಹೋಗಿ ನೋಡಿದ್ದೂ ಉಂಟು. ಹೊಸ ಡಾಕ್ಟರುಗಳು ಮುಖ ಮುಖ ನೋಡಿಕೊಳ್ಳುತ್ತಾರೆ. ನನಗೆ ಹೆದರಿಕೆಯಾಗುತ್ತದೆ ಎಂದು ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಆಗಲೇ, ಹೆಂಡತಿಯ ತಿಥಿ ಮುಗಿಸಿಕೊಂಡು, ಗಂಡ ಒಂದು ದಿನ ಆಸ್ಪತ್ರೆಗೆ ಬಂದಿದ್ದ. ಬೆಂಚಿನ ತುದಿಯಲ್ಲಿ ಕೂತು ನನ್ನನ್ನು ಕೇಳಿದ.

“ಡಾಕ್ಟ್ರೇ, ನಂಗೆ ಆ ಕಾಯ್ಲೆ ಇತ್ತಾ?”

ರೋಗಿಯಿಂದ ಏನನ್ನೂ ಮುಚ್ಚಿಡಬಾರದೆಂದು ಗಂಟಲು ಹರಿದುಕೊಂಡು ಕಲಿಸುವ ನಾನು ಹುಡುಗಿಯ ಮುಖ ನೋಡಿದೆ. ಹುಡುಗಿ ಅವನ ಪಕ್ಕ ಹೋಗಿ ಕೂತಳು.

“ಖಂಡಿತ ಹೇಳಕ್ಕಾಗಲ್ಲ. ಬಹುಶಃ ಇರ್ಲಿಲ್ಲ. ನಾವು ನೋಡಿದ್ದೆಲ್ಲ ಅವ್ರ ಕಫನೇ.”

ಅವನು ಹುಡುಗಿಯ ಕಡೆ ತಿರುಗಿದ.

“ಹಂಗಾರೆ ಅವಳ ಮದ್ದು ನಾನು ತಿಂದೆ” ಎಂದ. “ಒಂದೊಂದ್ ದಿನ ವಾಕರಿಕೆ ಬಂದು ಬೇಡ ಅಂತಿದ್ದೆ, ಡಾಕ್ಟ್ರಮ್ಮ. ಅವಳು ಬಿಡ್ತಿರ್ಲಿಲ್ಲ. ಬೈದು, ಬಾಯಿ ತೆಗೆಸಿ, ಅವಳೇ ಹಾಕ್ತಿದ್ಲು.”